ಬೆಳಕು ಕಮ್ಮಿ ಇದ್ದಲ್ಲಿ ಆಟ ಗೊತ್ತಿರ್ಬೇಕು

ಕಳೆದ ಆದಿತ್ಯವಾರ ಉಡುಪಿಯಲ್ಲಿ ಫೋಟೋಗ್ರಫಿ ಕಲಿಯುವ ಹುಡುಗ ಹುಡುಗಿಯರ ಎದುರು ಒಂದೂವರೆ ಗಂಟೆ ಮಾತಾಡಿದ್ದೆ, ಒಳಾಂಗಣದಲ್ಲಿ ನಡೆಯುವ ಆಟಗಳ ಫೋಟೋ ತೆಗೆಯುವುದು ಹೇಗೆ ಅಂತ. ಬರ್ಲಿಕ್ಕೆ ಆಗದವರು ಬರ್ದು ಹಾಕಿ ಅಂತ ಕೇಳಿದ್ರು, ಹಾಗಾಗಿ ಮಾತಾಡಿದ ಹಾಗೆಯೇ ಬರ್ದಿದ್ದೇನೆ. ಅಲ್ಲಿ ಪರದೆ ಮೇಲೆ ತೋರಿಸಿದ ಫೋಟೋಗಳು ಇಲ್ಲಿ ಇಲ್ಲ, ಅದಕ್ಕೆ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ.

ಎಲ್ರಿಗೂ ನಮಸ್ಕಾರ. ಹೊರಗೆ ಈ ನಮೂನೆ ಮಳೆ, ಆದ್ರೂ ಇಷ್ಟು ಜನ ಬಂದಿದ್ದೀರಿ, ಖುಷಿ ಆಯ್ತು. ಮಳೆಯಿಂದಲೇ ಶುರು ಮಾಡುವ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನವನ್ನು ನಂಬಿ ಯಾವ ಟೂರ್ನಮೆಂಟೂ ಇಡ್ಲಿಕ್ಕೆ ಆಗುವುದಿಲ್ಲ, ಶಾಲೆ ಕಾಲೇಜಿನ ಮ್ಯಾಚ್‌ಗಳು ಶುರುವಾಗುವುದೂ ಅದೇ ಸುಮಾರಿಗೆ, ಹಾಗಾಗಿ ಕಬಡ್ಡಿಯಿಂದ ಹಿಡಿದು ಟೇಬಲ್ ಟೆನಿಸ್ ತನಕ ಎಲ್ಲವೂ ಮಾಡಿನ ಅಡಿಗೆ ಬರ್ತದೆ. ಮಂಗಳೂರಲ್ಲಿ ಲಾಲ್‌ಬಾಗ್‌ನ ಯು.ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣ, ಇಲ್ಲಿ ನಮ್ಮ ಅಜ್ಜರಕಾಡಿನ ಒಳಾಂಗಣ, ಮಣಿಪಾಲದ ಮರೀನಾ, ಮತ್ತೆ ಎಷ್ಟೋ ಕಾಲೇಜುಗಳ ಹಾಲ್, ಸಭಾಭವನ. ನಮ್ಮ ಕರಾವಳಿಯಲ್ಲಿ ಆಟದ ಫೋಟೋ ತೆಗೆಯುವವ ವರ್ಷದ ಅರ್ಧ ಭಾಗ ಒಳಗೆಯೇ ಕೂತಿರ್ತಾನೆ. ಆದ್ರೆ ನಮಗೆ ಕಲಿಸುವ ಪಾಠಗಳೆಲ್ಲ ಬಿಸಿಲಿನದ್ದು.

ನಾನು ಕತ್ತಲಲ್ಲಿ ಫೋಟೋ ತೆಗೀಲಿಕ್ಕೆ ಕಲ್ತದ್ದು ಸ್ಟೇಡಿಯಂನಲ್ಲಿ ಅಲ್ಲ, ಯಕ್ಷಗಾನ ಬಯಲಾಟದಲ್ಲಿ. ಆಗ ಫಿಲ್ಮ್ ಕಾಲ. 400ರ ಫಿಲ್ಮ್ ಹಾಕಿ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ನಂಬರ್ ಅದು), ಅದನ್ನೇ 1600 ಅಂತ ಲೆಕ್ಕ ಹಿಡಿದು ತೆಗೆದು, ಡೆವಲಪ್ ಮಾಡುವವರಿಗೆ ಜಾಸ್ತಿ ಹೊತ್ತು ಕೆಮಿಕಲ್‌ನಲ್ಲಿ ಇಡಿ ಅಂತ ಹೇಳ್ಬೇಕಿತ್ತು, ಒಂದು ರೋಲಿನಲ್ಲಿ 36 ಫ್ರೇಮ್, ಇಡೀ ರಾತ್ರಿಗೆ ಎರಡು ರೋಲ್ ಅಷ್ಟೇ ನನ್ನ ಕೈಗೆ ಎಟಕುತ್ತಿದ್ದದ್ದು. ಯುವ ವೀರನ ಪುಂಡುವೇಷ ಧೀಂಗಿಣ ಹಾಕುವಾಗ, ಅಂದ್ರೆ ಹಾರಿ ಸುತ್ತು ತಿರುಗುವಾಗ, 1/60 ಸೆಕೆಂಡಲ್ಲಿ ಒತ್ತಿದ್ರೆ ಫೋಟೋದಲ್ಲಿ ಬರೀ ಗೆರೆ. ಚಂಡೆ ಬಾರಿಸುವ ಹಿರಿಯರೊಬ್ರು ನಾನು ಒದ್ದಾಡುವುದು ನೋಡಿ ಒಂದು ಮಾತು ಹೇಳಿದ್ರು, ಕಣ್ಣಲ್ಲಿ ನೋಡಿ ಒತ್ಬೇಡ, ಕಿವಿಯಲ್ಲಿ ಕೇಳಿ ಒತ್ತು, ಪೆಟ್ಟು ಎಲ್ಲಿ ಮುಗೀತದೋ ಅಲ್ಲಿ ವೇಷ ನಿಲ್ತದೆ ಅಂತ. ಅವತ್ತು ರಾತ್ರಿ ಪೂರ್ತಿ ಕ್ಯಾಮರಾ ಮಡಿಲಲ್ಲಿಟ್ಟು ಚಂಡೆ ಕೇಳಿದೆ. ಆಮೇಲೆ ತೆಗೆದ ರೋಲಿನಲ್ಲಿ ಮೊದಲ ಸಲ ಕಣ್ಣು ಮೂಗು ಸರಿಯಾಗಿ ಕಂಡದ್ದು.

ಇವತ್ತು ನಾನು ಹೇಳ್ಲಿಕ್ಕೆ ಬಂದದ್ದೂ ಅದನ್ನೇ. ಒಳಾಂಗಣದಲ್ಲಿ ಕ್ಯಾಮರಾದ ಸ್ಪೀಡ್, ಅಂದ್ರೆ ಶಟರ್ ಎಷ್ಟು ಬೇಗ ತೆರೆದು ಮುಚ್ತದೆ ಅನ್ನುವುದು, ಯಾವತ್ತೂ ಬೇಕಾದಷ್ಟು ಸಿಗುವುದಿಲ್ಲ. ಹಾಗಾದ್ರೆ ಆಟದ ಒಳಗೆ ಸ್ಪೀಡ್ ಎಲ್ಲಿ ನಿಲ್ತದೆ ಅಂತ ನಮಗೆ ಗೊತ್ತಿರ್ಬೇಕು. ಸೆಟ್ಟಿಂಗ್‌ಗಳನ್ನೂ ಹೇಳ್ತೇನೆ, ಅದೂ ಬೇಕು, ಆದ್ರೆ ಅದು ಅರ್ಧ ಮಾತ್ರ.

ಮೊದಲು ಬೆಳಕು ಎಷ್ಟು ಕಮ್ಮಿ ಅಂತ ಅಂದಾಜು ಮಾಡುವ. ನಮ್ಮ ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ, ಹಾಲ್‌ಗೆ ಹೊಕ್ಕಿದ ಎರಡು ನಿಮಿಷದಲ್ಲಿ ಕಣ್ಣು ಹೊಂದಿಕೊಂಡು ಎಲ್ಲ ಫಳಫಳ ಕಾಣ್ತದೆ. ಬಿಸಿಲಿಗೆ ಹಳೆಯವರದ್ದೊಂದು ಲೆಕ್ಕ ಉಂಟಲ್ಲ, ಐಎಸ್‌ಒ 100 ಇದ್ರೆ ಎಫ್ 16ಕ್ಕೆ 1/100 ಸೆಕೆಂಡ್. ಐಎಸ್‌ಒ ಅಂದ್ರೆ ಕ್ಯಾಮರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ನಂಬರ್, ಎಫ್ ಅಂದ್ರೆ ಲೆನ್ಸಿನ ತೂತಿನ ಅಳತೆ, ನಂಬರ್ ಸಣ್ಣದಾದಷ್ಟೂ ತೂತು ದೊಡ್ಡದು. ನಮ್ಮ ಕಡೆಯ ಸಾಧಾರಣ ಒಳಾಂಗಣದಲ್ಲಿ ನನಗೆ ಬೇಕಾಗುವುದು ಐಎಸ್‌ಒ 3200, ಎಫ್ 2.8, 1/500. ಎರಡನ್ನೂ ಸ್ಟಾಪ್ ಲೆಕ್ಕದಲ್ಲಿ ಇಟ್ಟು ನೋಡಿದ್ರೆ ಹತ್ತಿರ ಹತ್ತಿರ 8 ಸ್ಟಾಪ್ ವ್ಯತ್ಯಾಸ, ಒಂದೊಂದು ಸ್ಟಾಪ್‌ಗೆ ಬೆಳಕು ಅರ್ಧ ಆಗ್ತಾ ಹೋಗ್ತದೆ, ಕೊನೆಗೆ ಬಿಸಿಲಿಗಿಂತ ಇನ್ನೂರು ಪಟ್ಟು ಕಮ್ಮಿ ಬೆಳಕಲ್ಲಿ ನೀವು ಕೂತಿರ್ತೀರಿ. ಅಲ್ಲಿ ಮಕ್ಕಳು ಹಾರ್ತಾ ಇರ್ತಾರೆ.

ಲೆನ್ಸ್ ವಿಷಯ ಬೇಗ ಮುಗಿಸ್ತೇನೆ. ಕ್ಯಾಮರಾದೊಟ್ಟಿಗೆ ಬರುವ ಕಿಟ್ ಲೆನ್ಸ್ ಝೂಮ್ ಮಾಡಿದಲ್ಲಿ ಎಫ್ 5.6 ಆಗ್ತದೆ. 50 ಎಂಎಂ ಎಫ್ 1.8 ಲೆನ್ಸ್, ಹೆಚ್ಚಿನ ಕಂಪೆನಿಗಳಲ್ಲಿ ಕಮ್ಮಿ ಬೆಲೆಗೆ ಸಿಗುವಂಥದ್ದು, ಅದು ಕಿಟ್ ಲೆನ್ಸಿಗಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡ್ತದೆ. ಪೂರ್ತಿ ತೆರೆದ್ರೆ ಫೋಕಸ್ ಸ್ವಲ್ಪ ಆಚೀಚೆ ಆದ್ರೂ ಹೋಯ್ತು, ಅದಕ್ಕೆ ನಾನು ಎಫ್ 2ರಲ್ಲಿ ಇಡ್ತೇನೆ. ಕ್ರಾಪ್ ಸೆನ್ಸರ್, ಅಂದ್ರೆ ಸಣ್ಣ ಅಳತೆಯ ಸೆನ್ಸರ್, ಇದ್ದವರಿಗೆ 85 ಎಂಎಂ ಎಫ್ 1.8 ಇದ್ರೆ ಬ್ಯಾಡ್ಮಿಂಟನ್, ವಾಲಿಬಾಲ್ ಎರಡೂ ಆಗ್ತದೆ. ದೊಡ್ಡ 70–200 ಎಫ್ 2.8 ಒಳ್ಳೇದೇ, ಬಾಡಿಗೆಗೆ ಸಿಗ್ತದೆ, ಮುಖ್ಯವಾದ ಫೈನಲ್‌ಗೆ ತೆಗೊಳ್ಳಿ. ಸಾಲ ಮಾಡಿ ಖರೀದಿ ಮಾಡ್ಬೇಡಿ.

ಐಎಸ್‌ಒ ಏರಿಸ್ಲಿಕ್ಕೆ ಹೆದರುವವರನ್ನು ನಾನು ಈಗಲೂ ನೋಡ್ತೇನೆ. 2007ರಲ್ಲಿ ನಿಕಾನ್ ಡಿ3 ಬಂತು, ಅದರಲ್ಲಿ 6400 ಅನ್ನುವುದು ಮಾಮೂಲಿ ಸೆಟ್ಟಿಂಗ್ ಆಗಿತ್ತು, ಅದಕ್ಕೆ ಮೊದಲು ಆ ನಂಬರ್ ಕೇಳಿದ್ರೇ ಆಸೆ ಬಿಡುತ್ತಿದ್ದೆವು. ಈಗಿನ ಸಾದಾ ಕ್ಯಾಮರಾದಲ್ಲೂ 6400 ಧೈರ್ಯವಾಗಿ ಇಡ್ಬಹುದು. ಕಾಳು ಕಾಳು ಬಂದ್ರೆ ಕಂಪ್ಯೂಟರಲ್ಲಿ ಕಮ್ಮಿ ಮಾಡ್ಲಿಕ್ಕೆ ಆಗ್ತದೆ, ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿಗೆ 2023ರಲ್ಲಿ ಬಂದ ಡಿನಾಯ್ಸ್ ಅಂತೂ ಹಳೇ ಫೈಲ್‌ಗಳನ್ನೂ ಎದ್ದು ಕೂರಿಸ್ತದೆ, ಆದ್ರೆ ಅಲುಗಾಡಿ ಹೋದ ಮುಖವನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ವಾಪಸ್ ಕೊಡುವುದಿಲ್ಲ. ಇನ್ನೊಂದು, ಐಎಸ್‌ಒ 1600ರಲ್ಲೇ ನಿಲ್ಲಿಸಿ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರಲ್ಲಿ ಎತ್ತುತ್ತೇನೆ ಅಂತ ಹೊರಟ್ರೆ ನೆರಳಿನ ಜಾಗದಲ್ಲೆಲ್ಲ ಬಣ್ಣ ಬಣ್ಣದ ಕಲೆ ಬರ್ತದೆ. ಏರಿಸಿ, ಸರಿಯಾಗಿ ಬೆಳಕು ಬೀಳಿಸಿ ತೆಗೀರಿ.

ಮತ್ತೆ ಮೋಡ್ ಮ್ಯಾನ್ಯುಯಲ್‌ನಲ್ಲಿ ಇರ್ಲಿ. ಹಾಲ್‌ನಲ್ಲಿ ಸೂರ್ಯ ಮೋಡದ ಹಿಂದೆ ಹೋಗುವುದಿಲ್ಲ, ಬೆಳಕು ಒಂದೇ ನಮೂನೆ, ಆದ್ರೆ ಹಿಂದೆ ಬಿಳಿ ಗೋಡೆ ಬಂದ್ರೆ ಕ್ಯಾಮರಾ ಒಂದು ಲೆಕ್ಕ ಹಾಕ್ತದೆ, ಕಪ್ಪು ಪರದೆ ಬಂದ್ರೆ ಇನ್ನೊಂದು, ಹಾಗಾಗಿ ಒಂದೇ ಆಟಗಾರ್ತಿಯ ಮುಖ ಒಂದು ಫೋಟೋದಲ್ಲಿ ಕಪ್ಪು ಇನ್ನೊಂದ್ರಲ್ಲಿ ಸುಟ್ಟ ಹಾಗೆ. ವಾರ್ಮ್‌ಅಪ್‌ನಲ್ಲಿ ಒಬ್ರ ಮುಖ ನೋಡಿ ಸೆಟ್ ಮಾಡಿ, ಆಮೇಲೆ ಮುಟ್ಲಿಕ್ಕೆ ಹೋಗ್ಬೇಡಿ. ಕೋರ್ಟಿನ ನಾಲ್ಕು ಮೂಲೆ ಮತ್ತೆ ನಡು, ಐದು ಜಾಗದಲ್ಲಿ ಒಂದೊಂದು ಟೆಸ್ಟ್ ಶಾಟ್ ತೆಗೆದು ನೋಡಿ. ಹೆಚ್ಚಿನ ಕಡೆ ಒಂದು ಮೂಲೆಯಲ್ಲಿ ಲೈಟ್ ಹೋಗಿರ್ತದೆ, ರಿಪೇರಿಗೆ ಯಾರೂ ಮೇಲೆ ಹತ್ತಿರುವುದಿಲ್ಲ. ಎಲ್ಲಿ ಬೆಳಕು ಜಾಸ್ತಿ ಅಂತ ಗೊತ್ತಾದ್ರೆ ನಿಮ್ಮ ಅರ್ಧ ಕೆಲಸ ಮುಗೀತು, ಆಟಗಾರರು ಆ ಜಾಗಕ್ಕೆ ಬಂದಾಗ ಒತ್ತಿದ್ರೆ ಆಯ್ತು.

ಈಗ ಲೈಟಿನ ಮಿಣುಕು. ಇದನ್ನು ಯಾರೂ ಕಲಿಸುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನ ಹೇಳ್ತೇನೆ.

ನೀವೊಂದು ಹಾಲ್‌ನಲ್ಲಿ ಎಂಟು ಫೋಟೋ ಒಟ್ಟಿಗೆ ಟಕಟಕ ತೆಗೀತೀರಿ, ಸೆಟ್ಟಿಂಗ್ ಒಂದೇ, ಆದ್ರೆ ಒಂದು ಹಳದಿ, ಒಂದು ಬಿಳಿ, ಒಂದು ಕಪ್ಪು, ಒಂದ್ರಲ್ಲಿ ಮೇಲೆ ನೀಲಿ ಕೆಳಗೆ ಕೇಸರಿ. ಕ್ಯಾಮರಾ ಹಾಳಾಯ್ತು ಅಂತ ಸರ್ವೀಸ್‌ಗೆ ಕೊಟ್ಟವರನ್ನು ಕೂಡ ನಾನು ನೋಡಿದ್ದೇನೆ. ಕ್ಯಾಮರಾ ಸರಿಯೇ ಉಂಟು. ನಮ್ಮ ದೇಶದಲ್ಲಿ ಕರೆಂಟ್ 50 ಸೈಕಲ್‌ನದ್ದು, ಒಂದು ಸೈಕಲ್‌ನಲ್ಲಿ ಲೈಟ್ ಎರಡು ಸಲ ಏರಿ ಇಳೀತದೆ, ಅಂದ್ರೆ ಸೆಕೆಂಡಿಗೆ 100 ಸಲ. ಹಳೇ ಟ್ಯೂಬ್‌ಲೈಟ್, ದೊಡ್ಡ ಮೆಟಲ್ ಹ್ಯಾಲೈಡ್ ದೀಪ, ಎಲ್ಲ ಹೀಗೆಯೇ. 1/100ರಲ್ಲಿ ತೆಗೆದ್ರೆ ಒಂದು ಪೂರ್ತಿ ಏರಿಳಿತ ಒಳಗೆ ಬರ್ತದೆ, ಎಲ್ಲ ಫೋಟೋ ಒಂದೇ ನಮೂನೆ. 1/500ರಲ್ಲಿ ತೆಗೆದ್ರೆ ಅದರ ಐದನೇ ಒಂದು ಭಾಗ ಮಾತ್ರ ಸಿಗ್ತದೆ, ಅದು ಏರಿನದ್ದಾ ಇಳಿತದ್ದಾ ಅಂತ ಗೊತ್ತಿಲ್ಲ. ಬೆಳಕು ಇಳಿಯುವಾಗ ದೀಪದ ಬಣ್ಣವೂ ಬದಲಾಗ್ತದೆ, ಅದಕ್ಕೇ ಆ ಹಳದಿ. ಅರ್ಧ ನೀಲಿ ಅರ್ಧ ಕೇಸರಿ ಯಾಕೆ ಅಂದ್ರೆ, ಸ್ಪೀಡ್ ಜಾಸ್ತಿ ಇಟ್ಟಾಗ ಶಟರ್ ಪೂರ್ತಿ ತೆರೆದು ನಿಲ್ಲುವುದಿಲ್ಲ, ಒಂದು ಸಣ್ಣ ಸೀಳು ಸೆನ್ಸರ್ ಮೇಲಿಂದ ಕೆಳಗೆ ಹರಿದು ಹೋಗ್ತದೆ, ಆ ಹೊತ್ತಿನೊಳಗೆ ದೀಪ ಬದಲಾಗಿರ್ತದೆ.

ದೊಡ್ಡ ಕ್ರೀಡಾಂಗಣ ಕಟ್ಟುವಾಗ ದೀಪಗಳನ್ನು ಮೂರು ಫೇಸ್‌ಗೆ ಹಂಚಿ ಹಾಕ್ತಾರೆ, ಒಂದು ಇಳಿಯುವಾಗ ಪಕ್ಕದ್ದು ಏರ್ತದೆ, ಮಿಣುಕು ಕಮ್ಮಿ. ಸಣ್ಣ ಹಾಲ್‌ನಲ್ಲಿ ಎಲ್ಲ ಒಂದೇ ಫೇಸ್, ಅಲ್ಲೇ ಕಷ್ಟ. 2014ರ ಕ್ಯಾನನ್ 7ಡಿ ಮಾರ್ಕ್ 2ನಲ್ಲಿ ಇದಕ್ಕೊಂದು ಉಪಾಯ ಬಂತು, ಆ್ಯಂಟಿ ಫ್ಲಿಕರ್ ಅಂತ, ಕ್ಯಾಮರಾವೇ ಏರಿಳಿತ ಅಳೆದು ಬೆಳಕು ಮೇಲಿದ್ದಾಗ ಮಾತ್ರ ಶಟರ್ ಬಿಡ್ತದೆ. ಆಮೇಲೆ ಬೇರೆ ಕಂಪೆನಿಗಳೂ ಕೊಟ್ಟವು. ಮನೆಗೆ ಹೋಗಿ ನಿಮ್ಮ ಮೆನುವಿನಲ್ಲಿ ಹುಡುಕಿ, ಇದ್ರೆ ಆನ್ ಮಾಡಿ, ಒತ್ತಿದಲ್ಲಿಂದ ಒಂಚೂರು ತಡ ಆಗ್ತದೆ, ಅಷ್ಟು ಸಹಿಸ್ಕೊಳ್ಳಿ. ಇಲ್ಲದಿದ್ರೆ ಒಂದು ಕ್ಷಣಕ್ಕೆ ಒಂದೇ ಫೋಟೋ ಸಾಕು ಅಂತ ಕೂರ್ಬೇಡಿ, ಮೂರು ತೆಗೀರಿ, ಒಂದಾದ್ರೂ ಸರಿ ಬರ್ತದೆ.

ಈಗ ಎಲ್ಲ ಕಡೆ ಎಲ್‌ಇಡಿ ಬರ್ತಾ ಉಂಟು. ಒಳ್ಳೆ ಡ್ರೈವರ್ (ದೀಪಕ್ಕೆ ಕರೆಂಟ್ ಹದ ಮಾಡಿ ಕೊಡುವ ಸರ್ಕ್ಯೂಟ್) ಇರುವ ಎಲ್‌ಇಡಿ ಮಿಣುಕುವುದೇ ಇಲ್ಲ, ಸ್ವರ್ಗ. ಅಗ್ಗದ್ದು ಇದ್ರೆ ಮಾತ್ರ ಮಿರರ್‌ಲೆಸ್ ಕ್ಯಾಮರಾದವರು ಶಬ್ದ ಬಾರದ ಎಲೆಕ್ಟ್ರಾನಿಕ್ ಶಟರ್ ಹಾಕಿದಾಗ ಫೋಟೋ ಮೇಲೆ ಹುಲಿವೇಷದ ಹಾಗೆ ಪಟ್ಟೆ ಪಟ್ಟೆ. ಅಂಥಲ್ಲಿ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಹೆಚ್ಚಿನ ಪಟ್ಟೆ ಹೋಗ್ತದೆ.

ಮಳೆಗಾಲದಲ್ಲಿ ಇನ್ನೊಂದು ಉಂಟು, ಕರೆಂಟ್ ಹೋಗಿ ಬರುವುದು. ಮೆಟಲ್ ಹ್ಯಾಲೈಡ್ ದೀಪ ಒಮ್ಮೆ ಆರಿದ್ರೆ ಬಿಸಿ ಇರುವಾಗ ವಾಪಸ್ ಹೊತ್ತುವುದಿಲ್ಲ, ತಣಿದು ಹೊತ್ತಿ ಪೂರ್ತಿ ಬೆಳಕಿಗೆ ಬರ್ಲಿಕ್ಕೆ 10–15 ನಿಮಿಷ ಬೇಕು, ಅಷ್ಟೊತ್ತು ಬಣ್ಣವೂ ಬೇರೆ. ಮ್ಯಾಚ್ ಬೇಗ ಶುರು ಮಾಡಿದ್ರು ಅಂತ ಹಳೇ ಸೆಟ್ಟಿಂಗ್‌ನಲ್ಲೇ ತೆಗೀಬೇಡಿ, ಮತ್ತೆ ಒಂದು ಟೆಸ್ಟ್ ಮಾಡಿ. ವೈಟ್ ಬ್ಯಾಲೆನ್ಸ್‌ಗೆ, ಅಂದ್ರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಮಾಡ್ಲಿಕ್ಕೆ, ಒಂದು ಬಿಳಿ ಹಾಳೆ ಬ್ಯಾಗಿನಲ್ಲಿ ಇರ್ಲಿ, ಅದರ ಫೋಟೋ ತೆಗೆಯುವಾಗ ಮಾತ್ರ 1/50ಕ್ಕೆ ಇಳಿಸಿ, ಈಗ ಹೇಳಿದ ಕಾರಣಕ್ಕೇ. ಮತ್ತೆ ರಾ ಫೈಲ್‌ನಲ್ಲೂ ತೆಗೀರಿ, ಬಣ್ಣ ಆಮೇಲೆ ಸರಿ ಮಾಡ್ಲಿಕ್ಕೆ ಆಗ್ತದೆ.

ಫ್ಲ್ಯಾಶ್ ಹಾಕ್ಬಹುದಾ ಅಂತ ಯಾರಾದ್ರೂ ಕೇಳ್ತಾರೆ ಅಂತ ಗೊತ್ತು. ಬೇಡ. ನಾನು ಹೊಸತರಲ್ಲಿ ಒಂದು ಕಾಲೇಜು ಮ್ಯಾಚಲ್ಲಿ, ಕ್ಯಾಮರಾ ಆಟೋ ಮೋಡ್‌ನಲ್ಲಿ ಉಳಿದಿತ್ತು, ಫ್ಲ್ಯಾಶ್ ತನ್ನಷ್ಟಕ್ಕೆ ಎದ್ದು ಬೆಳಗಿತು. ಸರ್ವೀಸ್ ರಿಸೀವ್ ಮಾಡ್ಲಿಕ್ಕೆ ನಿಂತ ಹುಡುಗಿ ಕಣ್ಣು ಮುಚ್ಚಿದ್ಳು, ಶಟಲ್ ಅವಳ ಪಕ್ಕದಲ್ಲಿ ಬಿತ್ತು. 19–19ರಲ್ಲಿ ಇದ್ದ ಗೇಮ್. ಅವಳು ನನ್ನ ಕಡೆ ಒಮ್ಮೆ ನೋಡಿದ್ಳು, ಎಂತ ಹೇಳ್ಲಿಲ್ಲ, ಆ ಗೇಮ್ ಸೋತ್ಳು. ಅದು ನನ್ನಿಂದ ಆದದ್ದು. ಈಗಲೂ ಹಾಲ್ ಒಳಗೆ ಹೋಗುವ ಮೊದಲು ಬಾಗಿಲಲ್ಲೇ ನಿಂತು ಫ್ಲ್ಯಾಶ್ ಆಫ್ ಉಂಟಾ, ಫೋಕಸ್‌ಗೆ ಬರುವ ಸಣ್ಣ ಕೆಂಪು ಲೈಟ್ ಆಫ್ ಉಂಟಾ ಅಂತ ನೋಡ್ತೇನೆ. ಸರ್ವೀಸ್ ಆಗುವ ಹೊತ್ತಿಗೆ ಆಟಗಾರರ ಎದುರು ಎದ್ದು ನಿಲ್ಲುವುದೂ ಬೇಡ, ನಡೆಯುವುದೂ ಬೇಡ.

ಸರಿ, ಈಗ ಆಟಕ್ಕೆ ಬರುವ. ನನಗೆ ಇಷ್ಟದ ಭಾಗ ಇದು.

ಹೊಸತಾಗಿ ಕಲಿಯುವವರು ವೇಟ್‌ಲಿಫ್ಟಿಂಗ್‌ನಿಂದ ಶುರು ಮಾಡಿ ಅಂತ ನಾನು ಯಾವಾಗ್ಲೂ ಹೇಳ್ತೇನೆ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದವರು, ಹಾಗಾಗಿ ಈ ಆಟ ನಮಗೆ ದೂರದ್ದಲ್ಲ. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಬಾರ್ ಹೆಗಲಿಗೆ ಬಂದ ಮೇಲೆ ಲಿಫ್ಟರ್ ಎದ್ದು ನಿಂತು ಒಂದು ಉಸಿರು ತೆಗೊಳ್ತಾರೆ. ಮುಖ ಕೆಂಪು, ಕುತ್ತಿಗೆಯ ನರ ಎದ್ದಿರ್ತದೆ, ಆದ್ರೆ ದೇಹ ನಿಂತಿದೆ. ತಲೆ ಮೇಲೆ ಎತ್ತಿದ ಮೇಲೂ ಅಲುಗಾಡದೆ ನಿಲ್ಲಲೇಬೇಕು, ರೆಫ್ರಿ ಸಿಗ್ನಲ್ ಕೊಡುವ ತನಕ ಇಳಿಸ್ಲಿಕ್ಕಿಲ್ಲ. 1/250 ಧಾರಾಳ ಸಾಕು. ಅಷ್ಟು ದೊಡ್ಡ ಶಕ್ತಿಯ ಆಟದಲ್ಲಿ ಎರಡೆರಡು ಸಲ ನಿಲುಗಡೆ ಉಂಟು, ಅದನ್ನು ಕಾಯ್ಲಿಕ್ಕೆ ಕಲ್ತ್ರೆ ಬೇರೆ ಆಟಕ್ಕೂ ಅದೇ ಬರ್ತದೆ.

ಬ್ಯಾಡ್ಮಿಂಟನ್. ಇದರ ಸ್ಪೀಡ್ ಕೇಳಿ, ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ಅಂತ ಗಿನ್ನೆಸ್ ದಾಖಲೆ ಆಗಿದೆ. ಲೆಕ್ಕ ಹಾಕಿ, ಸೆಕೆಂಡಿಗೆ ಸುಮಾರು 157 ಮೀಟರ್, 1/1000 ಇಟ್ರೂ ಅಷ್ಟರೊಳಗೆ ಶಟಲ್ 15 ಸೆಂಟಿಮೀಟರ್ ದಾಟಿರ್ತದೆ. ನಮ್ಮ ಕಾಲೇಜು ಮಕ್ಕಳ ಸ್ಮ್ಯಾಶ್ ಅಷ್ಟು ಇರುವುದಿಲ್ಲ, ಶಟಲ್ ರೆಕ್ಕೆಯಿಂದಾಗಿ ಬೇಗ ನಿಧಾನವೂ ಆಗ್ತದೆ, ಆದ್ರೂ ಅದನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವ ಆಸೆ ಬಿಡಿ. ಶಟಲ್ ಗೆರೆ ಆಗ್ಲಿ. ನಿಮಗೆ ಬೇಕಾದದ್ದು ಮುಖ. ಸ್ಮ್ಯಾಶ್ ಹೊಡೀಲಿಕ್ಕೆ ಹಾರಿದವರು ಮೇಲೆ ಹೋಗ್ತಾರೆ, ಆಮೇಲೆ ಕೆಳಗೆ ಬರ್ತಾರೆ, ನಡುವಲ್ಲಿ ಒಂದು ಕ್ಷಣ ಮೇಲೂ ಇಲ್ಲ ಕೆಳಗೂ ಇಲ್ಲ. ರ‍್ಯಾಕೆಟ್ ಹಿಂದೆ ಹೋಗಿದೆ, ಎಡಗೈ ಶಟಲ್ ಕಡೆ ತೋರಿಸ್ತಾ ಉಂಟು, ದೇಹ ಬಿಲ್ಲಿನ ಹಾಗೆ ಬಾಗಿದೆ, ಅಲ್ಲಿ 1/400ರಲ್ಲೂ ಮುಖ ಕೆತ್ತಿದ ಹಾಗೆ ಸ್ಪಷ್ಟ ಬರ್ತದೆ. ಮತ್ತೆ ಒಂದು ದೊಡ್ಡ ಲಾಭ, ಆ ಕ್ಷಣದಲ್ಲಿ ಅವರು ಮೇಲೆ ನೋಡ್ತಾ ಇರ್ತಾರೆ. ಒಳಾಂಗಣದ ದೀಪ ಎಲ್ಲ ನೆತ್ತಿ ಮೇಲೆ, ಸುಮ್ಮನೆ ನಿಂತವರ ಕಣ್ಣು ಗುಳಿಯ ಹಾಗೆ ಕಪ್ಪಾಗಿರ್ತದೆ, ಮುಖ ಎತ್ತಿದ ಕೂಡ್ಲೇ ಕಣ್ಣಿಗೆ ಬೆಳಕು ಬೀಳ್ತದೆ. ಯಾರೂ ಹೇಳಿಕೊಡದೆ ಆಟವೇ ನಿಮಗೆ ಲೈಟಿಂಗ್ ಮಾಡಿ ಕೊಟ್ಟ ಹಾಗೆ.

ಅದು ಯಾವಾಗ ಬರ್ತದೆ ಅಂತ ಗೊತ್ತಾಗುವುದು ಹೇಗೆ? ಎದುರಿನವರ ಶಾಟ್ ನೋಡಿ. ಎದುರಿನವರು ಎತ್ತರಕ್ಕೆ ಲಿಫ್ಟ್ ಮಾಡಿದ್ರು, ಅದೂ ಅರ್ಧ ಕೋರ್ಟಿಗೆ ಬಿತ್ತು ಅಂದ್ರೆ ಈಚೆ ಕಡೆಯವರು ಹಾರಿಯೇ ಹಾರ್ತಾರೆ. ಶಟಲ್ ಹಿಂದೆ ಕ್ಯಾಮರಾ ತಿರುಗಿಸಿದ್ರೆ ತಡ ಆಯ್ತು. ಬಟನ್ ಒತ್ತಿ ಹಿಡಿದು ಸೆಕೆಂಡಿಗೆ 8 ಫೋಟೋ ತೆಗೆದ್ರೂ ಎರಡು ಫೋಟೋ ನಡುವೆ ಸೆಕೆಂಡಿನ ಎಂಟನೇ ಒಂದು ಭಾಗ ಖಾಲಿ, ರ‍್ಯಾಕೆಟ್‌ಗೆ ಶಟಲ್ ತಾಗುವುದು ಕೆಲವೇ ಮಿಲಿಸೆಕೆಂಡ್, ಆ ಖಾಲಿಯಲ್ಲಿ ಎಲ್ಲ ಆಗಿ ಹೋಗಿರ್ತದೆ. ತಾಗುವ ಸ್ವಲ್ಪ ಮೊದಲೇ ಬೆರಳು ಒತ್ತಬೇಕು, ಅದು ಎಷ್ಟು ಮೊದಲು ಅಂತ ಬೆರಳಿಗೇ ಅಭ್ಯಾಸ ಆಗುವುದು, ನನ್ನ ಬಾಯಲ್ಲಿ ಹೇಳ್ಲಿಕ್ಕೆ ಬರುವುದಿಲ್ಲ. ಕೂರುವ ಜಾಗ, ನೆಟ್ಟಿನ ಕಂಬದಿಂದ ಸ್ವಲ್ಪ ಹಿಂದೆ ಬದಿಯಲ್ಲಿ, ನೆಲದ ಮೇಲೆ. ನೆಟ್ ಮೂಲಕ ಆಚೆಯವರನ್ನು ತೆಗೀಲಿಕ್ಕೆ ಹೋದ್ರೆ ಫೋಕಸ್ ನೆಟ್ಟಿಗೆ ಹಿಡೀತದೆ.

ಕಬಡ್ಡಿಯಲ್ಲಿ ಎಲ್ಲ ಉಲ್ಟಾ. ಯಾರೂ ಮೇಲೆ ನೋಡುವುದಿಲ್ಲ, ಎಲ್ಲರ ಕಣ್ಣು ಎದುರಿನವರ ಕಾಲ ಮೇಲೆ. ಗ್ಯಾಲರಿಯಲ್ಲಿ ಕೂತು ತೆಗೆದ್ರೆ ನಿಮಗೆ ಸಿಗುವುದು ತಲೆಗೂದಲು. ಕೆಳಗೆ ಬನ್ನಿ, ಮ್ಯಾಟ್‌ನ ಬದಿಗೆ, ಮಿಡ್ ಲೈನ್ ಹತ್ರ, ಅಂಪೈರಿಗೆ ಅಡ್ಡ ಆಗದ ಹಾಗೆ ಕೇಳಿಕೊಂಡು ಕೂತ್ಕೊಳ್ಳಿ, ಸಾಧ್ಯವಾದ್ರೆ ಹೊಟ್ಟೆ ಮೇಲೆ ಮಲಗಿ. ಮ್ಯಾಟಿಗೆ ಬಿದ್ದ ಬೆಳಕು ವಾಪಸ್ ಮೇಲೆ ಬಂದು ಬಗ್ಗಿದ ಮುಖಗಳಿಗೆ ತಾಗ್ತದೆ, ಗಲ್ಲದ ಅಡಿಗೆ ಮ್ಯಾಟಿನ ಬಣ್ಣ ಸ್ವಲ್ಪ ಹತ್ತುತ್ತದೆ, ಇರ್ಲಿ, ಅದು ಆ ಜಾಗದ ಬಣ್ಣ. ಗಂಡಸರ ಕೋರ್ಟ್ 13 ಮೀಟರ್ ಉದ್ದ, 10 ಮೀಟರ್ ಅಗಲ, 35 ಅಥವಾ 50 ಎಂಎಂ ಲೆನ್ಸ್ ಸಾಕು, ಆಟ ನಿಮ್ಮ ಮಡಿಲಿಗೇ ಬಂದು ಬೀಳ್ತದೆ.

ರೈಡ್ 30 ಸೆಕೆಂಡ್. ಮೊದಲ ಹತ್ತು ಹದಿನೈದು ಸೆಕೆಂಡ್ ರೈಡರ್ ಅಳೀತಾ ಇರ್ತಾನೆ, ಆಗ ಫೋಟೋ ತೆಗೆದು ಕಾರ್ಡ್ ತುಂಬಿಸ್ಬೇಡಿ. ಕಾರ್ನರ್‌ನವರ, ಅಂದ್ರೆ ಎರಡು ತುದಿಯಲ್ಲಿ ನಿಂತ ಡಿಫೆಂಡರ್‌ಗಳ, ಮಂಡಿ ನೋಡಿ. ಮಂಡಿ ಬಗ್ಗಿ ಭಾರ ಮುಂದಿನ ಕಾಲಿಗೆ ಬಂತು ಅಂದ್ರೆ ಇನ್ನು ಹಾರ್ತಾರೆ. ಹಿಡಿದ ಮೇಲೆ ಉಂಟಲ್ಲ, ಅಲ್ಲಿ ನಿಜವಾದ ನಿಲುಗಡೆ. ನಾಲ್ಕು ಜನ ಹಿಡಿದಿದ್ದಾರೆ, ರೈಡರ್ ಮಿಡ್ ಲೈನಿಗೆ ಕೈ ಚಾಚಿದ್ದಾನೆ, ಬೆರಳಿಗೂ ಗೆರೆಗೂ ನಡುವೆ ಒಂದು ಗೇಣು, ಯಾರೂ ಯಾರನ್ನೂ ಎಳೀಲಿಕ್ಕೆ ಆಗದೆ ಒಂದು ಸೆಕೆಂಡ್ ಎಲ್ಲ ಕಟ್ಟಿ ಹಾಕಿದ ಹಾಗೆ ನಿಲ್ತದೆ. ಆಟದಲ್ಲಿ ಅದಕ್ಕಿಂತ ಬಿಗಿಯಾದ ಹೊತ್ತು ಇಲ್ಲ, ಮತ್ತೆ ಅದಕ್ಕೆ 1/320 ಸಾಕು. ಫೋಕಸ್ ಮಾತ್ರ ಮುಂದೆ ಚಾಚಿದ ಕೈಗೆ ಹೋಗ್ತದೆ, ಅದಕ್ಕೆ ಒಂದೇ ಪಾಯಿಂಟ್ ಇಟ್ಟು ಮುಖದ ಮೇಲೆ ಹಿಡೀರಿ.

ಕಾರ್ಕಳದ ಹೆರ್ಮುಂಡೆಯ ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿಯವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಅದೇ ವರ್ಷ ಪ್ರೊ ಕಬಡ್ಡಿಯೂ ಶುರುವಾಯ್ತು. ಅಲ್ಲಿಂದ ಈಚೆಗೆ ನಮ್ಮ ಹೈಸ್ಕೂಲ್ ಹುಡುಗಿಯರ ಕಬಡ್ಡಿಗೆ ಜನ ಬರುವುದು ಜಾಸ್ತಿ ಆಗಿದೆ ಅಂತ ನನಗೆ ಅನಿಸ್ತದೆ, ಫೋಟೋ ತೆಗೆಯುವವರೂ ಜಾಸ್ತಿ. ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಹಿಡಿಯುವಾಗ ಜರ್ಸಿ ಎಳೆದು ಹೋಗ್ತದೆ, ಬಿದ್ದಾಗ ದೇಹ ಹೇಗೋ ಕಾಣ್ತದೆ. ಫೋಟೋ ಎಷ್ಟೇ ಶಾರ್ಪ್ ಇರ್ಲಿ, ಆ ಹುಡುಗಿ ಅದನ್ನು ಮನೆಯಲ್ಲಿ ಅಮ್ಮನಿಗೆ ತೋರಿಸ್ಲಿಕ್ಕೆ ನಾಚುವ ಹಾಗಿದ್ರೆ ಅಳಿಸಿ ಬಿಡಿ, ಯಾರಿಗೂ ಕಳಿಸ್ಬೇಡಿ. ಮಕ್ಕಳ ಫೋಟೋ ಎಲ್ಲಾದ್ರೂ ಹಾಕುವ ಮೊದಲು ಟೀಚರಲ್ಲಿ, ಮನೆಯವರಲ್ಲಿ ಕೇಳಿ. ಮತ್ತೆ ಸೋತ ಟೀಮಿನದ್ದೂ ತೆಗೀರಿ. ಗೆದ್ದವರಿಗೆ ಕಪ್ ಹಿಡ್ಕೊಂಡ ಫೋಟೋ ಹೇಗೂ ಸಿಗ್ತದೆ, ಮೊದಲ ರೌಂಡಲ್ಲೇ ಸೋತು ಬಸ್ ಹತ್ತುವ ಮಕ್ಕಳಿಗೆ ಅವತ್ತು ಆಡಿದ್ದಕ್ಕೆ ಗುರುತು ಅಂತ ಇರುವುದು ನಿಮ್ಮ ಫೋಟೋ ಒಂದೇ.

ಟೇಬಲ್ ಟೆನಿಸ್‌ನಲ್ಲಿ ಚೆಂಡು 40 ಮಿಲಿಮೀಟರ್, ರ‍್ಯಾಲಿಯ ನಡುವೆ ಅದನ್ನು ಹುಡುಕ್ತಾ ಹೋದ್ರೆ ತಲೆನೋವು. ಸರ್ವೀಸ್ ಕಾಯಿರಿ. ನಿಯಮದ ಪ್ರಕಾರ ಚೆಂಡನ್ನು ಅಂಗೈಯಿಂದ ಕಮ್ಮಿ ಅಂದ್ರೆ 16 ಸೆಂಟಿಮೀಟರ್ ಮೇಲೆ ಹಾರಿಸಲೇಬೇಕು, ಚೆಂಡು ಮೇಲೆ ಹೋಗಿ ನಿಲ್ಲುವ ಆ ತುದಿಯಲ್ಲಿ ಆಟಗಾರರ ಎರಡು ಕಣ್ಣೂ ಚೆಂಡಿನ ಮೇಲೆ, ಮುಖ ಎತ್ತಿದೆ, ಬೆಳಕು ಬಿದ್ದಿದೆ. ವಾಲಿಬಾಲ್‌ನಲ್ಲಿ ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವ ಸೆಟ್ಟರ್ ಕೈ ನೋಡಿ, ಚೆಂಡು ಯಾರಿಗೆ ಹೋಗ್ತದೆ ಅಂತ ಆ ಕೈಯೇ ಹೇಳ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ರಿಂಗ್ 3.05 ಮೀಟರ್ ಎತ್ತರ, ಅದರ ಅಡಿಗೆ ಬದಿಯಲ್ಲಿ ಕೂತು ರಿಬೌಂಡ್‌ಗೆ ಕಾಯಿರಿ, ನಾಲ್ಕೈದು ಕೈ ಒಟ್ಟಿಗೆ ಮೇಲೆ ಬರ್ತದೆ.

ಫೋಕಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಡುವವರನ್ನು ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್ ಮೋಡ್ ಇಡಿ, ಫೋಕಸನ್ನು ಹಿಂದಿನ ಬಟನ್‌ಗೆ ಹಾಕಿ ಶಟರ್ ಬಟನ್‌ನಿಂದ ಬೇರೆ ಮಾಡಿ, ಒಂದು ವಾರ ಕೈ ತಪ್ಪುತ್ತದೆ, ಆಮೇಲೆ ಅದಿಲ್ಲದೆ ಆಗುವುದಿಲ್ಲ. ಹಳೇ ಡಿಎಸ್‌ಎಲ್‌ಆರ್ ಇದ್ರೆ ನಡುವಿನ ಪಾಯಿಂಟೇ ಕತ್ತಲಲ್ಲಿ ಗಟ್ಟಿ.

ಮಳೆಗಾಲದ ಇನ್ನೊಂದು ವಿಷಯ ಬಿಟ್ರೆ ನನಗೆ ಸಮಾಧಾನ ಆಗುವುದಿಲ್ಲ. ಎಸಿ ಕಾರಲ್ಲಿ ಬಂದು ಹಾಲ್ ಒಳಗೆ ಕ್ಯಾಮರಾ ತೆಗೆದ ಕೂಡ್ಲೇ ಲೆನ್ಸ್ ಮೇಲೆ ಮಂಜು ಕೂರ್ತದೆ, ಒರೆಸಿದಷ್ಟೂ ಬರ್ತದೆ. ಅರ್ಧ ಗಂಟೆ ಮೊದಲೇ ಹೋಗಿ ಬ್ಯಾಗಿನ ಜಿಪ್ ತೆರೆಯದೆ ಒಳಗೆ ಇಡಿ, ಕ್ಯಾಮರಾ ನಿಧಾನಕ್ಕೆ ಬಿಸಿ ಆಗ್ಲಿ. ಮನೆಗೆ ಹೋದ ಮೇಲೆ ಒದ್ದೆ ಬ್ಯಾಗಿನಲ್ಲೇ ಬಿಟ್ರೆ ಎರಡು ತಿಂಗಳಲ್ಲಿ ಲೆನ್ಸ್ ಒಳಗೆ ಬೂಷ್ಟು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಟ್ರೂ ಆಯ್ತು, ಜೆಲ್ ಬಣ್ಣ ಬದಲಾದ್ರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ನನ್ನ ಒಂದು ಒಳ್ಳೆ ಲೆನ್ಸ್ ಹಾಗೆ ಹೋದದ್ದು, ಇವತ್ತಿಗೂ ಬೇಜಾರು ಉಂಟು.

ಕೊನೆಗೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ ಮೊಬೈಲಲ್ಲಿ ಆಗ್ತದಾ ಅಂತ ಕೇಳಿದ. ವೇಟ್‌ಲಿಫ್ಟಿಂಗ್, ಸರ್ವೀಸ್‌ಗೆ ನಿಂತವರು, ಬೆಂಚಿನ ಮೇಲೆ ಕೂತ ಟೀಮ್, ಇದೆಲ್ಲ ಆಗ್ತದೆ, ಓಡುವವರನ್ನು ತೆಗೆದ್ರೆ ಕಮ್ಮಿ ಬೆಳಕಲ್ಲಿ ಮೊಬೈಲ್ ಹಲವು ಫೋಟೋ ಸೇರಿಸಿ ಒಂದು ಮಾಡುವಾಗ ಕೈಕಾಲು ಕಲಸಿ ಹೋಗ್ತದೆ ಅಂದೆ.

ಹಿಂದಿನ ಸಾಲಿನಿಂದ ಒಬ್ಳು ಹುಡುಗಿ ಎದ್ದು, ಸರ್ ನನ್ನತ್ರ 18–55 ಕಿಟ್ ಲೆನ್ಸ್ ಮಾತ್ರ ಉಂಟು, ನಾಳೆ ನಮ್ಮ ಕಾಲೇಜಲ್ಲಿ ಬ್ಯಾಡ್ಮಿಂಟನ್, ನಾನೇ ತೆಗೀಬೇಕು, ಎಂತ ಮಾಡುವುದು ಅಂತ ಕೇಳಿದ್ಳು. ಇಡೀ ಸಭೆಯಲ್ಲಿ ನನಗೆ ಅತಿ ಇಷ್ಟ ಆದ ಪ್ರಶ್ನೆ ಅದು. ಝೂಮ್ ಮಾಡ್ಬೇಡ ಅಂದೆ. 55ಕ್ಕೆ ಝೂಮ್ ಮಾಡಿದ್ರೆ ಎಫ್ 5.6, ಐಎಸ್‌ಒ 6400 ಇಟ್ರೂ 1/250 ಅಷ್ಟೇ ಸಿಗುವುದು. ಅದೇ ಲೆನ್ಸ್ 18ರಲ್ಲಿ ಇದ್ರೆ ಎಫ್ 3.5, ಅದೇ 6400ಕ್ಕೆ 1/500 ಆರಾಮಲ್ಲಿ ಸಿಗ್ತದೆ. ಅಂದ್ರೆ ಲೆನ್ಸ್ ಅಗಲ ಇಟ್ಟು ನೀನೇ ಹತ್ತಿರ ಹೋಗು, ನೆಟ್ಟಿನ ಕಂಬದ ಹಿಂದೆ ನೆಲದಲ್ಲಿ ಕೂತ್ಕೋ, ಹಾಲಿನ ಮಾಡು, ದೀಪದ ಸಾಲು, ಹಿಂದೆ ಕೂತ ನಿನ್ನ ಕಾಲೇಜಿನವರು, ಎಲ್ಲ ಫೋಟೋದಲ್ಲಿ ಬರ್ಲಿ, ನಡುವಲ್ಲಿ ಆಟಗಾರ್ತಿ ಹಾರಿದ್ದು ಇರ್ಲಿ. ದೊಡ್ಡ ಲೆನ್ಸ್ ಇದ್ದವರಿಗೆ ಅದು ಸಿಗುವುದಿಲ್ಲ.

ಅವಳು ನಂಬರ್‌ಗಳನ್ನು ಪುಸ್ತಕದಲ್ಲಿ ಬರ್ಕೊಂಡ್ಳು. ಮ್ಯಾಚ್ ಎಷ್ಟು ಗಂಟೆಗೆ ಅಂತ ಕೇಳಿದೆ. ಒಂಬತ್ತೂವರೆಗೆ ಸರ್ ಅಂದ್ಳು. ಎಂಟೂವರೆಗೆ ಹೋಗು ಅಂದೆ, ಕ್ಯಾಮರಾ ಬ್ಯಾಗಿನಲ್ಲೇ ಇರ್ಲಿ, ವಾರ್ಮ್‌ಅಪ್‌ನಲ್ಲಿ ಯಾರು ಎಷ್ಟು ಎತ್ತರ ಹಾರ್ತಾರೆ ಅಂತ ನೋಡ್ತಾ ಕೂತ್ಕೋ.